ಅಕ್ಕ ಖಾಲಿ ಬಿಟ್ಟ ಹದಿನೇಳು ಸಾಲುಗಳು

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮೊದಲು ಕ್ಷಮಿಸು. ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದೇನೆ, ನಿನಗೆ ನಾಟಕ ಅನ್ನಿಸಬಹುದು. ಆದರೆ ನಿನ್ನ ಸೀಟಿನ ವಿಷಯ ಎತ್ತಿದ ಮೂರು ಸಲವೂ ನೀನು "ಪೇಶೆಂಟ್ ಬಂದ್ರು, ಇಡ್ತೀನಿ" ಅಂದೆ. ಒಂದು ಸಲವಂತೂ ನಿನ್ನ ಆರೋಗ್ಯ ಕೇಂದ್ರಕ್ಕೆ ಬೀಗ ಹಾಕಿದ ಮೇಲೂ ಪೇಶೆಂಟ್ ಬಂದರು! ಕಾಗದವಾದರೆ ಹಾಗೆ ಕಟ್ ಆಗುವುದಿಲ್ಲ. ನೀನು ಮಡಚಿಟ್ಟರೂ ಮೇಜಿನ ಮೇಲೆ ಬಿದ್ದಿರುತ್ತದೆ. ಇವತ್ತು ಬೆಳಗ್ಗೆ ನಾನು ಫೋನ್ ಮಾಡಲಿಲ್ಲವೆಂದು ಗಾಬರಿಯಾಗಬೇಡ, ಇದನ್ನು ಬರೆಯುತ್ತಾ ಕೂತಿದ್ದೆ, ಅಷ್ಟೇ.

ಹೇಗಿದ್ದೀಯಾ? ಕೆಮ್ಮು ನಿಂತಿತಾ? ಅಲ್ಲಿನ ಮಕ್ಕಳೆಲ್ಲರ ಎದೆಗೂ ಸ್ಟೆಥಾಸ್ಕೋಪ್ ಇಡುವವಳು ನೀನು, ನಿನ್ನ ಎದೆಗೂ ಯಾರಿಂದಲಾದರೂ ಒಮ್ಮೆ ಇಡಿಸಿಕೋ. ಅಮ್ಮ ಚೆನ್ನಾಗಿದ್ದಾಳೆ. ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ "ದೊಡ್ಡವಳು ಮಕ್ಕಳ ಸ್ಪೆಷಲಿಸ್ಟ್ ಆಗ್ತಾಳೆ" ಎಂದು ಈಗಲೂ ಹೇಳುತ್ತಾಳೆ, ಅಳತೆ ತೆಗೆಯುವ ಟೇಪು ಕೊರಳಲ್ಲಿ ಹಾಕಿಕೊಂಡು, ಅವಳೇ ಡಾಕ್ಟರ್ ಎಂಬ ಹಾಗೆ. ನನ್ನ ಸಮಾಚಾರ ಅಂದರೆ ಅನಾಟಮಿ. ಮೊನ್ನೆ ವೈವಾದಲ್ಲಿ ಸರ್ ಒಂದು ಮೂಳೆ ಕೈಗೆ ಕೊಟ್ಟು ಎಡವೋ ಬಲವೋ ಎಂದು ಕೇಳಿದರು. ಭಯಕ್ಕೆ ನಾನು "ಎರಡೂ ಸರ್" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಪಾಪ, ಯಾವ ಪ್ರಾಣಿಯದೋ" ಅಂದರು. ಪಾಸು ಮಾಡಿದ್ದಾರೆ, ಯಾಕೋ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಡುವೆ ಇಡಬೇಡ, ಓದು. ಬುಧವಾರ ಗುರುತಿನ ಚೀಟಿಗೆ ಸೀಲು ಹಾಕಿಸಲು ಕಾಲೇಜಿನ ತರಬೇತಿ ವಿಭಾಗಕ್ಕೆ ಹೋಗಿದ್ದೆ. ಅಲ್ಲಿನ ಕ್ಲರ್ಕ್ ಮೇಡಂ ನಿನಗೆ ನೆನಪಿರಬೇಕು, ಪ್ರತಿ ಫೈಲಿಗೂ ಒಂದು ನಿಟ್ಟುಸಿರು ಬಿಡುವವರು. ನನ್ನ ಮುಖ ನೋಡಿದ ಕೂಡಲೇ "ನೀನು ಆ ಡಾಕ್ಟರ್ ತಂಗಿ ಅಲ್ವೇನಮ್ಮಾ? ಅದೇ ಮೂಗು" ಅಂದರು. ಆಮೇಲೆ ದನಿ ತಗ್ಗಿಸಿ, "ಅಷ್ಟು ಒಳ್ಳೇ ಮಾರ್ಕ್ಸು. ಆದ್ರೆ ಸ್ಪೆಷಲಿಸ್ಟ್ ಸೀಟಿನ ಅರ್ಜಿಲಿ ಹದಿನೆಂಟು ಆಸ್ಪತ್ರೆ ಹಾಕೋ ಕಡೆ ಒಂದೇ ಒಂದು ಹಾಕಿದ್ಲು. ಹದಿನೇಳು ಸಾಲು ಖಾಲಿ ಬಿಟ್ರೆ ಯಾರು ತಾನೇ ಸೀಟು ಕೊಡ್ತಾರೆ?" ಅಂದರು. ನೀನು ನಮಗೆ "ಈ ಸಲ ಕಾಂಪಿಟಿಶನ್ ಜಾಸ್ತಿ" ಎಂದು ಹೇಳಿದ್ದೆ. ಆ ಒಂದು ಆಸ್ಪತ್ರೆ ಯಾವುದೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಕಿಟಕಿಯಿಂದ ಅದರ ನೀರಿನ ಟ್ಯಾಂಕು ಕಾಣುತ್ತದೆ.

ಈಗ ಸೀಟು ಹಂಚಿಕೆಯ ಎರಡನೇ ಸುತ್ತು ಶುರುವಾಗಿದೆ. "ಹಳೇ ಅರ್ಜಿನೇ ಮುಂದುವರಿಸಿದ್ದೀನಿ, ಸಾಕಲ್ಲ" ಎಂದು ನೀನು ಅಮ್ಮನಿಗೆ ಹೇಳಿದ್ದೀಯಂತೆ. ಅಮ್ಮ ನಂಬಿದ್ದಾಳೆ. ಆದರೆ ಮೇಡಂ ಪಟ್ಟಿ ತೋರಿಸಿದರು. ಮಕ್ಕಳ ವಿಭಾಗದಲ್ಲಿ ಉಳಿದಿರುವುದು ಮೂರೇ ಸೀಟು, ಮೂರೂ ದೂರದ ಊರಿನವು. ಇಲ್ಲಿ ಒಂದೂ ಇಲ್ಲ. ಹಳೆಯ ಅರ್ಜಿಯಲ್ಲಿರುವುದು ಈ ಆಸ್ಪತ್ರೆ ಮಾತ್ರ. ಅಂದರೆ ಇಲ್ಲದ ಸೀಟಿಗೆ ನೀನು ಅರ್ಜಿ ಹಾಕಿ ಕೂತಿದ್ದೀಯ. ಅದು ನಿನಗೆ ಗೊತ್ತಿಲ್ಲವೆಂದು ಮಾತ್ರ ಹೇಳಬೇಡ, ಔಷಧಿ ಚೀಟಿಯನ್ನು ಎರಡೆರಡು ಸಲ ಓದಿ ಕೊಡುವವಳು ನೀನು. ಎರಡನೇ ಸುತ್ತು ಎಂದರೆ ಯಾರಿಗೂ ಬೇಡವಾಗಿ ಉಳಿದದ್ದು ಎಂಬ ಭಾವನೆಯಿದ್ದರೆ ಬಿಟ್ಟುಬಿಡು. ಅವು ತಡವಾಗಿ ಮಂಜೂರಾದ ಸೀಟುಗಳಂತೆ, ಮೇಡಮ್ಮೇ ಹೇಳಿದರು. ಅರ್ಜಿ ತಿದ್ದುವ ಅವಕಾಶ ಈ ಶುಕ್ರವಾರ ಸಂಜೆ ಐದಕ್ಕೆ ಮುಗಿಯುತ್ತದೆ. ನಿನ್ನ ಫೋನಿಗೆ ಬರುವ ಸಂಖ್ಯೆ ಹಾಕದೆ ಬೇರೆ ಯಾರೂ ತಿದ್ದುವಂತಿಲ್ಲ. ಇಲ್ಲದಿದ್ದರೆ ನಾನೇ ತಿದ್ದಿಬಿಡುತ್ತಿದ್ದೆ, ಬೈಸಿಕೊಳ್ಳುವುದು ಆಮೇಲಿನ ಮಾತು.

ಸರಿ, ಮೆಸ್ಸಿನ ಗಂಟೆ ಹೊಡೆಯಿತು. ಹುಷಾರಾಗಿರು, ಬಿಸಿನೀರು ಕುಡಿ. ನಿನ್ನ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಇಲಿಮರಿ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬರಲಿಲ್ಲ. ನೀನು ಒಂದೇ ಊರು ಹಾಕಿದ್ದು ನಾನು ಪ್ರತಿ ಭಾನುವಾರ ಫೋನಿನಲ್ಲಿ ಅಳುತ್ತೇನೆಂದು ತಾನೇ? ಅಕ್ಕಾ, ಒಂಬತ್ತನೇ ವಯಸ್ಸಿನಿಂದ ನಾನು ಹಾಸ್ಟೆಲ್‌ನಲ್ಲಿ ಬೆಳೆದವಳು. ಆ ಸ್ಕೂಲಿನಲ್ಲಿ ಮನೆಗೆ ಫೋನ್ ಮಾಡಲು ಒಬ್ಬೊಬ್ಬರಿಗೆ ಮೂರೇ ನಿಮಿಷ. ಅಳುವವರಿಗೆ ಮಾತ್ರ ವಾರ್ಡನ್ ಇನ್ನೂ ಐದು ನಿಮಿಷ ಬಿಡುತ್ತಿದ್ದರು. ಹೀಗಾಗಿ ನಾವೆಲ್ಲ ಮೂರನೇ ನಿಮಿಷಕ್ಕೆ ಸರಿಯಾಗಿ ಅಳುವುದನ್ನು ಕಲಿತೆವು. ಇಲ್ಲಿ ಮೊದಲ ಎರಡು ತಿಂಗಳು ನಿಜವಾಗಿ ಅತ್ತೆ. ಆಮೇಲಿನದು ಬರೀ ಅಭ್ಯಾಸ, ನೀನು ಬೇಗ ಇಟ್ಟುಬಿಡುತ್ತೀಯೆಂಬ ಭಯ. ಫೋನ್ ಇಟ್ಟ ಮೇಲೆ ಮುಖ ತೊಳೆದು ಗೆಳತಿಯರ ಜೊತೆ ತಿಂಡಿಗೆ ಹೋಗುತ್ತಿದ್ದೆ. ನಿನ್ನ ಒಂದು ವರ್ಷ ನನ್ನ ಸುಳ್ಳು ಅಳುವಿಗೆ ಹೋಗುವುದರಲ್ಲಿದೆ. ಎಷ್ಟು ಬೇಕಾದರೂ ಬೈ, ಆದರೆ ಮೂರು ಊರನ್ನೂ ಹಾಕಿದ ಮೇಲೆ ಬೈ. ನೀನು ದೂರ ಹೋದರೆ ನನಗೆ ಕಷ್ಟವಾಗುತ್ತದೆ, ಅದು ಸುಳ್ಳಲ್ಲ. ಆದರೂ ಇರುತ್ತೇನೆ. ನಾಳೆ ನಿನ್ನ ಆರೋಗ್ಯ ಕೇಂದ್ರಕ್ಕೆ ಹೊರಡುವ ಔಷಧಿ ವ್ಯಾನಿನ ಡ್ರೈವರ್ ಅಣ್ಣನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಅವರು ಗುರುವಾರ ವಾಪಸ್ ಬರುತ್ತಾರೆ. ಹಾಕಿದೆಯೋ ಇಲ್ಲವೋ, ಒಂದೇ ಸಾಲಾದರೂ ಬರೆದು ಅವರ ಕೈಲಿ ಕಳಿಸು.