ಪುರುಷರ ಪಟ್ಟಿ

ಸೆಪ್ಟೆಂಬರ್ 26, ಶುಕ್ರವಾರ

ಶಾಲೆಯ ಅಡುಗೆಮನೆಯಲ್ಲಿ ಇವತ್ತು ಮೀನು, ಆಲೂಗಡ್ಡೆ. ಎಂದಿನಂತೆ ಅರ್ಧ ಮಕ್ಕಳು ಮೀನು ಮುಟ್ಟಲಿಲ್ಲ. ಪಾತ್ರೆ ಉಜ್ಜುತ್ತಿದ್ದಾಗ ಪುರಸಭೆಯ ಲಕೋಟೆ ಬಂತು. ಚೀಟಿ ಎತ್ತಿದ್ದಾರಂತೆ — ಎರ್ಸಿಲಿಯಾ, ಮತಗಟ್ಟೆ ಸಹಾಯಕಿ, ಅಕ್ಟೋಬರ್ 19 ಮತ್ತು 20. ಊರಲ್ಲಿ ಆರುನೂರು ಚಿಲ್ಲರೆ ಮತದಾರರು. ಇವರ ಕೈಗೆ ನಾನೇ ಸಿಗಬೇಕಿತ್ತೇ!

ಮತದಾನ ಮೇಯರ್ ಯೋಜನೆ ಬೇಕೋ ಬೇಡವೋ ಎಂದು. ಯೋಜನೆ ಹೀಗೆ: ಸ್ಕೀ ಇಳಿಜಾರಿಗೆ ಹೊಸ ಕುರ್ಚಿ ಲಿಫ್ಟ್, ಮೇಲಿನ ಹುಲ್ಲುಗಾವಲಿನಲ್ಲಿ ಕೆರೆ, ಕೆರೆ ನೀರಿನಿಂದ ಕೃತಕ ಹಿಮ. ಮೂರು ಚಳಿಗಾಲದಿಂದ ಹಿಮ ನೆಟ್ಟಗೆ ಬಿದ್ದಿಲ್ಲ, ಆಕಾಶ ಕೊಡದ್ದನ್ನು ಪಂಪು ಕೊಡುತ್ತದಂತೆ. ಆದರೆ ಆ ನೀರು ನಾವು ಕುಡಿಯುವ ಒರತೆಯದು. ಆಗಸ್ಟಿನಲ್ಲಿ ಹದಿನಾಲ್ಕು ದಿನ ನಲ್ಲಿ ಒಣಗಿತ್ತು. ಟ್ಯಾಂಕರಿನಿಂದ ಬಕೆಟ್ ಹೊತ್ತವಳು ನಾನು, ಮೇಯರ್ ಅಲ್ಲ. ಹಾಗಾಗಿ ಈ ಯೋಜನೆ ಬೇಡ ಎನ್ನುವವಳು. ಮುಚ್ಚುಮರೆ ಇಲ್ಲ.

ಕಷ್ಟ ಒಂದೇ — ನನ್ನ ತಮ್ಮ ನುನ್ಸಿಯೊ. ಇಳಿಜಾರಿನ ಹಿಮ ಹದಮಾಡುವ ಯಂತ್ರವನ್ನು ಇಪ್ಪತ್ತೇಳು ವರ್ಷದಿಂದ ಓಡಿಸುತ್ತಿರುವುದು ಅವನು. ಯೋಜನೆ ಬಿದ್ದರೆ ಇಳಿಜಾರು ಮುಚ್ಚುತ್ತದೆ. ಅಲ್ಲಿಗೆ ಅವನ ಕೆಲಸವೂ…

ಸೆಪ್ಟೆಂಬರ್ 28, ಭಾನುವಾರ

ಅಮ್ಮ ಹೋದಮೇಲೆ ನುನ್ಸಿಯೊನ ಭಾನುವಾರದ ಊಟ ನನ್ನಲ್ಲೇ. ಇವತ್ತು ಕುರಿಮಾಂಸ ಹಾಕಿದ ಪಾಸ್ತಾ. ಎರಡನೇ ತುತ್ತಿಗೇ ಶುರುಮಾಡಿದ.

"ಬೇಡ ಅಂತ ಓಟು ಹಾಕ್ತೀಯಾ ಅಕ್ಕ?"

"ಹಾಕೋದೇ ಇಲ್ಲ ಕಣೋ. ನಮ್ ಕಡೆಯವರು ಯಾರೂ ಹಾಕಲ್ಲ. ಅರ್ಧಕ್ಕಿಂತ ಹೆಚ್ಚು ಜನ ಬರದಿದ್ರೆ ಮತದಾನವೇ ರದ್ದು, ಯೋಜನೇನೂ ರದ್ದು."

"ಓಹೋ! ಮನೇಲಿ ಕೂತು ಗೆಲ್ಲೋ ಶೂರರು!"

"ಕುಡಿಯೋಕೆ ನೀರಿಲ್ದೆ ನಿನ್ ಹಿಮ ಇಟ್ಕೊಂಡು ನೆಕ್ಲಾ?"

"ನಂಗೆ ಐವತ್ತಾರು ಅಕ್ಕ. ಕೆಳಗಡೆ ಪಟ್ಟಣಕ್ಕೆ ಹೋಗಿ ಗೋದಾಮಲ್ಲಿ ಪೆಟ್ಟಿಗೆ ಹೊರ್ಲಾ? ಅದನ್ನ ಹೇಳು ಮೊದ್ಲು."

ಅರ್ಧ ತಟ್ಟೆ ಬಿಟ್ಟು ಎದ್ದುಹೋದ. ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಬಿಟ್ಟವನಲ್ಲ.

ಅಕ್ಟೋಬರ್ 12, ಭಾನುವಾರ

ಎರಡು ಭಾನುವಾರ ಆಯಿತು, ಬಂದಿಲ್ಲ. ಇಬ್ಬರಿಗೆ ಅಂತಲೇ ಮಾಡಿ ಒಬ್ಬಳೇ ಉಂಡೆ. ಫೋನ್ ಮಾಡಲು ಕೈ ಹೋಗಲಿಲ್ಲ — ಅವನೂ ಮಾಡಲಿಲ್ಲವಲ್ಲ.

ಊರು ಎರಡು ಹೋಳು. ಕಟುಕ ಒವಿದಿಯೊ ಚಳಿಗಾಲದಲ್ಲಿ ಸ್ಕೀ ಬಾಡಿಗೆಗೆ ಕೊಡುವವನು, ಮೇಯರ್‌ನ ಬಲಗೈ. ನಿನ್ನೆ ಬರೀ ಮೂಳೆ ಕಟ್ಟಿಕೊಟ್ಟ. "ನೀರಲ್ಲಿ ಬೇಯಿಸ್ಕೋ ಎರ್ಸಿಲಿಯಾ. ನೀರಂದ್ರೆ ಪ್ರಾಣ ಅಲ್ವಾ ನಿಂಗೆ!" ಅಂಗಡಿ ತುಂಬ ನಗು.

ಔಷಧಿ ಅಂಗಡಿಯ ಫಿಯೊರೆಂಜಾ, ನಮ್ಮ ಕಡೆಯ ಮುಂದಾಳು, ಅಡುಗೆಮನೆಗೇ ಬಂದು ಎಚ್ಚರಿಸಿ ಹೋದಳು. "ಎರಡು ದಿನ ಅಲ್ಲೇ ಕೂರ್ತೀಯ. ಓಟು ಹಾಕೋ ಪೆನ್ಸಿಲ್ ಮಾತ್ರ ಮುಟ್ಬೇಡ. ನೀನು ಬೇಡ ಅಂತ ಹಾಕಿದ್ರೂ ಅವರ ಲೆಕ್ಕಕ್ಕೆ ಒಂದು ತಲೆ ಸೇರುತ್ತೆ."

ಗೊತ್ತು ಎಂದೆ. ಎಲ್ಲರೂ ನನಗೇ ಪಾಠ ಹೇಳುವವರು.

ಅಕ್ಟೋಬರ್ 19, ಭಾನುವಾರ

ನಮ್ಮ ಶಾಲೆಯೇ ಮತಗಟ್ಟೆ. ಮಹಿಳೆಯರ ಪಟ್ಟಿ ಇನ್ನೊಬ್ಬ ಸಹಾಯಕಿಯ ಮುಂದೆ, ಪುರುಷರ ಪಟ್ಟಿ ನನ್ನ ಮುಂದೆ. ಬಂದವರ ಹೆಸರಿಗೆ ಗುರುತು ಹಾಕಬೇಕು. ಒಟ್ಟು 612. ಬೇಕಾದ್ದು 307.

ಬಾಗಿಲಾಚೆ ನಮ್ಮವರು ಬೆಂಚಿನ ಮೇಲೆ ಕೂತು ಯಾರು ಒಳಗೆ ಹೋದರೆಂದು ನೋಡುತ್ತಿದ್ದರು. ಒಳಗೆ ಬಂದವರು ತಲೆ ತಗ್ಗಿಸಿಕೊಂಡು ಬಂದರು. ಒವಿದಿಯೊ ಇಡೀ ದಿನ ಕಾರಿನಲ್ಲಿ ಮುದುಕಿಯರನ್ನು ಹೇರಿಕೊಂಡು ಬಂದು ಇಳಿಸಿ ಹೋದ. ರಾತ್ರಿ ಹನ್ನೊಂದಕ್ಕೆ ಮುಚ್ಚುವಾಗ 241.

187ನೆಯ ಸಾಲು ನುನ್ಸಿಯೊನದು. ಖಾಲಿ. ನಾಳೆ ಬಂದಾನು.

ಅಕ್ಟೋಬರ್ 20, ಸೋಮವಾರ, ಸಂಜೆ

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ಮೂರಕ್ಕೇ ಮುಕ್ತಾಯ. ಎರಡೂವರೆಗೆ ಲೆಕ್ಕ 306. ಒವಿದಿಯೊ ಬೆವರುತ್ತ ಬಂದ. ಕಿವಿಗಿಟ್ಟ ಫೋನಿನಲ್ಲಿ ಮೇಯರ್‌ಗೆ ಹೇಳುತ್ತಿದ್ದ. "ಎಲ್ಲರನ್ನೂ ತಂದಾಯ್ತು ಸ್ವಾಮಿ… ನುನ್ಸಿಯೊನಾ? ಅವನನ್ನೇನು ಕೇಳ್ತೀರಿ, ನಿನ್ನೆ ಬೆಳಗ್ಗೆ ಎಲ್ಲರಿಗಿಂತ ಮೊದ್ಲು ಹಾಕಿರ್ತಾನೆ!"

ಯಾರೂ ಅವನನ್ನು ಕರೆಯಲು ಹೋಗಿರಲಿಲ್ಲ. ಅವನ ಓಟಿನ ಬಗ್ಗೆ ಯಾರಿಗೂ ಅನುಮಾನವೇ ಇರಲಿಲ್ಲ.

ನನ್ನ ಬೆರಳು 187ರ ಮೇಲೆ.

ಒವಿದಿಯೊ ನನ್ನತ್ತ ತಿರುಗಿದ. "ಎರ್ಸಿಲಿಯಾ, ಇಲ್ಲಿರೋರಲ್ಲಿ ನೀನೊಬ್ಳು ಉಳಿದಿದ್ದೀಯ. ಬೇಡ ಅಂತಲೇ ಹಾಕು ತಾಯಿ, ಕಾಲಿಗೆ ಬೀಳ್ತೀನಿ, ಆದ್ರೆ ಹಾಕು!"

"ನನ್ನ ಓಟು ನನ್ನಿಷ್ಟ. ಬೀಳೋದಾದ್ರೆ ಹುಷಾರಾಗಿ ಬೀಳು, ಸೊಂಟ ಮುರ್ಕೊಂಡೀಯ."

ಕೋಣೆಯ ಕಣ್ಣೆಲ್ಲ ನನ್ನ ಮುಖದ ಮೇಲೆ. ಪಟ್ಟಿಯನ್ನು ಯಾರೂ ನೋಡಲಿಲ್ಲ. ನುನ್ಸಿಯೊ ಯಂತ್ರ ನಿಲ್ಲಿಸುವ ಶೆಡ್ಡು ಕಾರಿನಲ್ಲಿ ಹತ್ತು ನಿಮಿಷ. ಫೋನು ನನ್ನ ಜೇಬಿನಲ್ಲೇ. ಒಂದು ಮಾತು ಸಾಕಿತ್ತು. ಬೇಕೆಂದೇ ಬರಲಿಲ್ಲವೇನೋ ಎಂದುಕೊಂಡೆ. ನನಗಾಗಿ ಬಿಟ್ಟಿರಬಹುದು ಎಂದೂ ಅಂದುಕೊಂಡೆ — ಅನುಕೂಲದ ಯೋಚನೆ. ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ. ಗೆಲ್ಲಬೇಕೆಂಬ ಆಸೆ ಇತ್ತು. ತಮ್ಮ ಬಿಟ್ಟುಹೋದ ಅರ್ಧ ತಟ್ಟೆಯೂ ಕಣ್ಣ ಮುಂದಿತ್ತು. ಎರಡೂ ಒಟ್ಟಿಗೇ.

ಎರಡು ಐವತ್ತು. ಎರಡು ಐವತ್ತೈದು. ಮೂರು. ಮತಗಟ್ಟೆ ಅಧಿಕಾರಿ ಬಾಗಿಲು ಹಾಕಿದರು. ಆಚೆ ಬೆಂಚಿನಿಂದ ಚಪ್ಪಾಳೆ.

ಮೂರು ಗಂಟೆ ಎಂಟು ನಿಮಿಷಕ್ಕೆ ಯಾರೋ ಗಾಜು ತಟ್ಟಿದರು. ನುನ್ಸಿಯೊ. ಚರ್ಚಿಗೆ ಹಾಕುವ ಕೋಟು, ನೀರು ಹಚ್ಚಿ ಬಾಚಿದ ತಲೆ, ಕೈಯಲ್ಲಿ ಮತದಾರರ ಕಾರ್ಡು. ಉಗುರಿನಲ್ಲಿ ಗ್ರೀಸು.

"ಯಾಕೆ ಮುಚ್ಚಿದ್ರಿ ಅಕ್ಕ? ನಿನ್ನೆ ಥರ ರಾತ್ರಿ ಹನ್ನೊಂದರವರೆಗೆ ಅಲ್ವಾ? ಎರಡು ದಿನದಿಂದ ಯಂತ್ರದ ಚೈನು ಬದಲಾಯಿಸ್ತಾ ಇದ್ದೆ… ಚಳಿಗಾಲಕ್ಕೆ ಸಿದ್ಧ ಇರ್ಲಿ ಅಂತ."

ನಾನು ಪಟ್ಟಿಯನ್ನು ಮಗುಚಿಟ್ಟೆ.

"ಎಷ್ಟು ಕಡಿಮೆ ಬಿತ್ತು?"

ಒವಿದಿಯೊ ಮೆಟ್ಟಿಲ ಮೇಲೆ ಕುಸಿದಿದ್ದ. ತಲೆ ಎತ್ತದೆಯೇ ಹೇಳಿದ, "ಒಂದು."

ಅಕ್ಟೋಬರ್ 26, ಭಾನುವಾರ

ಬಂದ. ತಾನಾಗಿಯೇ. ಊಟ ಪೂರ್ತಿ ಮಾಡಿದ, ಬ್ರೆಡ್ಡಿನಿಂದ ತಟ್ಟೆಯನ್ನೂ ಒರೆಸಿದ. ಮುಂದಿನ ಸೋಮವಾರದಿಂದ ಗೋದಾಮಿನ ಕೆಲಸವಂತೆ, ಅಲ್ಲೇ ಕೋಣೆಯೂ ನೋಡಿದ್ದಾನೆ. ಪೆಟ್ಟಿಗೆ ಅಷ್ಟೇನೂ ಭಾರ ಇರಲ್ಲ ಬಿಡು ಅಕ್ಕ ಎಂದ. ನನಗೆ ಸಮಾಧಾನ ಹೇಳುತ್ತಿದ್ದ, ಅವನು!

ಕಾಫಿ ಸುರಿಯುತ್ತಿದ್ದಾಗ ಕೇಳಿದ. ಜೋರಾಗಿ ಅಲ್ಲ.

"ಗಂಡಸರ ಪಟ್ಟಿ ಯಾರ ಹತ್ರ ಇತ್ತು ಅಕ್ಕ?"

"ನನ್ನ ಹತ್ರ."

"ನನ್ ಸಾಲು ಖಾಲಿ ಇದ್ದದ್ದು… ಕಂಡಿರ್ಲಿಲ್ಲ, ಅಲ್ವಾ?"

ಕಂಡಿರಲಿಲ್ಲ ಎನ್ನಲು ಅವನೇ ದಾರಿ ಮಾಡಿಕೊಟ್ಟಿದ್ದ. ಕಾಫಿ ಪಾತ್ರೆ ಕೆಳಗಿಟ್ಟು ಅವನ ಮುಖ ನೋಡಿದೆ. ನುನ್ಸಿ, ಎಂದೆ, ಅವತ್ತು ಎರಡೂವರೆಗೆ ನಿನ್ನ ಸಾಲಿನ ಮೇಲೇ ನನ್ನ ಬೆರಳಿತ್ತು.