ನಿನ್ನ ಮಗಳಿಗೆ ಮೂತ್ರ ಬಂತು

ಬಿರಜೂ,

ಇವತ್ತು ಬೆಳಿಗ್ಗೆ ನಿನ್ನ ಮಗಳಿಗೆ ಮೂತ್ರ ಬಂತು ಕಣೋ. ಎರಡು ದಿನ ಮಂಚಕ್ಕೆ ಖಾಲಿ ಜೋತಾಡುತ್ತಿದ್ದ ಚೀಲದಲ್ಲಿ ಒಂದು ಲೋಟದಷ್ಟು! ಲಂಬಾಸಾ ಆಸ್ಪತ್ರೆಯಲ್ಲಿ ನಾನು ಕುಣಿಯುವುದೊಂದು ಬಾಕಿ.

"ಕೂಗಾಡ್ಬೇಡಿ ಅಜ್ಜಾ, ಬೇರೆ ರೋಗಿಗಳಿದ್ದಾರೆ" ಎಂದಳು ನರ್ಸ್ ಲಿಟಿಯಾ.

"ಅವರೂ ನೋಡ್ಲಿ ಬಿಡಮ್ಮಾ" ಎಂದೆ.

ಸುಖ್‌ರಾಜಿ ಕಣ್ಣು ಬಿಟ್ಟು, "ದೊಡ್ಡಪ್ಪಾ, ನನ್ನ ಮಾನ ತೆಗೀಬೇಡ" ಎಂದು ಗದರಿದಳು. ಗದರುವಷ್ಟು ಶಕ್ತಿ ಬಂದಿದೆ.

ನಿನ್ನನ್ನು ಒಯ್ದ ಇಲಿ ಜ್ವರವೇ, ಇವಳ ಮೂತ್ರಪಿಂಡಕ್ಕೂ ಇಳಿದಿತ್ತು. ಮಳೆ ನಿಂತ ಕೆಸರಿನಲ್ಲಿ ಬರಿಗಾಲಲ್ಲಿ ಕಬ್ಬು ಕಡಿದಿದ್ದಳು. ಮೀನಖಂಡ ನೋಯುತ್ತದೆ ಎಂದಳು, ಕಣ್ಣು ಕೆಂಡದ ಹಾಗೆ ಕೆಂಪಗಿತ್ತು. ಮರುಮಾತಿಲ್ಲದೆ ಲಾರಿ ಹತ್ತಿಸಿದೆ. ಕಡಿದ ಕಬ್ಬು ಗದ್ದೆಯಲ್ಲೇ ಬಿದ್ದಿದೆ, ಒಣಗಿ ಹಾಳಾಗಲಿ.

ನಿನಗೆ ಇದೇ ನೋವು ಬಂದಾಗ, "ನಾಟಕ ಸಾಕು, ನಮ್ಮ ಕಬ್ಬು ಕಡಿಯೋ ಸರದಿ ಮುಗೀಲಿ" ಎಂದವನು ನಾನೇ. ನೀನು ಆ ನೋವಲ್ಲೇ ಇನ್ನೂ ಐದು ದಿನ ಕಡಿದೆ.

ಮಧ್ಯಾಹ್ನ ಡಾಕ್ಟರು ಎಲ್ಲರೆದುರು, "ನೋವು ಶುರುವಾದ ದಿನವೇ ಕರ್ಕೊಂಡು ಬಂದ್ರಿ, ಅದಕ್ಕೇ ಉಳಿದ್ಲು. ನಿಮಗೆ ಹೇಗೆ ಗೊತ್ತಾಯ್ತು?" ಎಂದು ನನ್ನನ್ನು ಕೇಳಿದರು.

ನಿನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಭಾವನಿಗೆ ಗೊತ್ತಿದೆ ಡಾಕ್ಟ್ರೇ" ಎಂದು ಮಗಳ ಹೊದಿಕೆ ಸರಿಮಾಡಿದಳು.