ಮೂರಡಿ ಜಾಗದ ಮೆಟ್ಟಿಲು

ಸಿಂಗಾನಲ್ಲೂರು
11-02-2025

ಪ್ರೀತಿಯ ತಮ್ಮ ಮಧ್ವೇಶನಿಗೆ, ಅಕ್ಕನ ಆಶೀರ್ವಾದ.

ಹೇಗಿದ್ದೀಯಪ್ಪ? ಸಕ್ಕರೆ ಹತೋಟಿಯಲ್ಲಿದೆಯಾ? ಮೈಸೂರಿನ ಚಳಿಗೆ ಗೋಪಿಕಾಳ ಕೆಮ್ಮು ಹೆಚ್ಚಿಲ್ಲ ತಾನೆ? ನಿನ್ನ ಭಾವ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ಸೊಂಟದ ಮೂಳೆ ಕೂಡಿದೆ ಎನ್ನುತ್ತಾರೆ ಡಾಕ್ಟರು, ಇವರಿಗೆ ಕಾಲೂರಲು ಭಯ. ಫೋನಿನಲ್ಲಾದರೆ ನಾನು ಕೂಗಾಡಿಬಿಡುತ್ತೇನೆ, ಪಕ್ಕದ ಕಂದಸಾಮಿಯ ಮನೆಗೆ ಕೇಳುತ್ತದೆ. ಈ ತಮಿಳು ಸೀಮೆಯಲ್ಲಿ ಅವರದೂ ಮನೆಮಾತು ಕನ್ನಡವೇ, ಓದಲು ಮಾತ್ರ ಒಬ್ಬರಿಗೂ ಬಾರದು. ಅದಕ್ಕೇ ಈ ಕಾಗದ.

ಆ ಕಂದಸಾಮಿಯ ಸೊಕ್ಕು ಕೊನೆಗೂ ಇಳಿಸಿದೆ ಕಣೋ! ಎರಡು ವರ್ಷದ ಹಿಂದೆ ಮಹಡಿ ಎಬ್ಬಿಸುವಾಗ ಮೆಟ್ಟಿಲಿಗೆ ಜಾಗ ಸಾಲದೆ ನಮ್ಮ ಜಗಲಿಗೆ ಬಂದು ಕೂತಿದ್ದನಲ್ಲ, ಆಗ ನೀನೂ ಇದ್ದೆ, ಎರಡನೇ ಲೋಟ ಕಾಫಿ ಕುಡಿಯುತ್ತಿದ್ದೆ. “ಅಕ್ಕಾ, ನಿಮ್ ಕಡೆ ಮೂರಡಿ ಬಿಡಿ. ಅಣ್ಣನ ರೂಮಿಗೆ ಅಂಟಿಕೊಂಡೇ ಬಾತ್‌ರೂಮು ಕಟ್ಟಿಕೊಡ್ತೀನಿ, ಅವರು ಹಿತ್ತಲಿಗೆ ನಡೆಯೋದು ಬೇಡ” ಎಂದ. ಪತ್ರ ಬರೆಸೋಣ ಎಂದೆ ನಾನು. “ಅಕ್ಕಪಕ್ಕದವರಿಗೆ ಪತ್ರ ಯಾಕಕ್ಕಾ” ಎಂದವನು ನೀನೇ. ಮೆಟ್ಟಿಲೆದ್ದಿತು, ಅವನದೇ ಅಂಗಡಿಯ ಗ್ರಾನೈಟೂ ಕೂತಿತು. ನಮಗೆ ಸಿಕ್ಕಿದ್ದು ಪಾಯಕ್ಕೆ ತೋಡಿದ ಗುಂಡಿ. ಮೇಸ್ತ್ರಿ ಸೆಲ್ಲಪ್ಪನ್ ಮರುದಿನದಿಂದ ಪತ್ತೆಯಿಲ್ಲ. ಹತ್ತು ತಿಂಗಳು ಆ ಗುಂಡಿ ಸುತ್ತಿಕೊಂಡು ಹಿತ್ತಲಿಗೆ ಹೋದ ನಿನ್ನ ಭಾವ ಒಂದು ಬೆಳಿಗ್ಗೆ ಅದರೊಳಗೇ ಬಿದ್ದರು. ನಾನು ಬಾಯಿ ಬಡಿದುಕೊಳ್ಳುವಾಗ ಕಂದಸಾಮಿ ಅದೇ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದ. ಇಳಿದು ಬರಲಿಲ್ಲ. ಆಮೇಲೆ ಕೇಳಿದ್ದಕ್ಕೆ, “ಯಾವ ಮಾತು? ಪತ್ರ ಇದ್ರೆ ತೋರ್ಸಿ” ಎಂದ. ಹಾಳಾಗಿ ಹೋಗಲಿ ಅವನು!

ಕಳೆದ ತಿಂಗಳು ಮನೆ ಮಾರಲು ಹೊರಟ. ತಿರುಪ್ಪೂರಿನ ಬನಿಯನ್ ಕಂಪನಿಯವರು ಒಪ್ಪಿಯೂ ಬಿಟ್ಟಿದ್ದರು. ನಾನು ತೆಪ್ಪಗೆ ಗಾಂಧಿಪುರಂ ಬಸ್ಸು ಹತ್ತಿ ವಕೀಲೆ ತಮಿಳ್‌ಸೆಲ್ವಿಯ ಹತ್ತಿರ ಹೋದೆ. ಆ ಮೂರಡಿ ಇವತ್ತಿಗೂ ನಮ್ಮ ಕ್ರಯಪತ್ರದಲ್ಲೇ ಇದೆಯಲ್ಲ. ಕೋರ್ಟು ಮಾರಾಟಕ್ಕೆ ತಡೆ ಕೊಟ್ಟಿತು, ಅದು ರಿಜಿಸ್ಟ್ರಾರ್ ಆಫೀಸಿನಲ್ಲಿ ಅವನ ಆಸ್ತಿಯ ಮೇಲೆ ಏರಿತು. ಆಸ್ತಿಗೆ ಅಂಟಿದ ಇಂಥ ತಕರಾರಿಗೆ ಇಲ್ಲಿ ವಿಲ್ಲಂಗ ಎನ್ನುತ್ತಾರೆ. ಕೊಳ್ಳುವವರು ಆಫೀಸಿನಿಂದ ಅದರ ನಕಲು ತೆಗೆಸಿ ನೋಡಿದವರೇ ಬಂದು, ಕಾರಿನಿಂದಲೂ ಇಳಿಯದೆ ಬೈದು ಹೋದರು. ನಾನು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ಹೊಟ್ಟೆ ತಣ್ಣಗಾಯಿತು. ಅವನ ಹೆಂಡತಿ ಸುಬ್ಬಾತಾಳ್ ಬಂದು ಕಾಲಿಗೆ ಬಿದ್ದಳು, ನಾಳೆಯೇ ಬಾತ್‌ರೂಮು ಕಟ್ಟಿಸುತ್ತೇವೆ ಎಂದಳು. ಬೇಡವೇ ಬೇಡ ಎಂದೆ. ಆ ಮೆಟ್ಟಿಲು ಒಡೆಯುವ ಸದ್ದನ್ನು ನಿನ್ನ ಭಾವ ಮಲಗಿದಲ್ಲಿಂದಲೇ ಕೇಳಬೇಕು.

ಗೋಪಿಕಾಳಿಗೆ ಬಿಸಿನೀರನ್ನೇ ಕೊಡು. ಭಾವನೂ ನಿಮ್ಮಿಬ್ಬರನ್ನು ಹರಸಿದ್ದಾರೆ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಅಂಬುಜ

ತಾ.ಕ.: ಕೇಸು ಮಾರ್ಚ್ ಆರಕ್ಕೆ. ಆ ಮಾತಿಗೆ ಸಾಕ್ಷಿ ನೀನೊಬ್ಬನೇ. “ನಿಮ್ ತಮ್ಮನಿಗೇ ನೆನಪಿಲ್ವಂತೆ” ಎಂದು ಕಂದಸಾಮಿ ನಗುತ್ತಾನೆ. ಸೆಲ್ಲಪ್ಪನ್ ಮೊನ್ನೆ ಬಂದು ಅತ್ತುಬಿಟ್ಟ. ನಮ್ಮ ಗುಂಡಿ ಬಿಟ್ಟು ಅವನು ಹೋದದ್ದು ಮೈಸೂರಿಗಂತೆ, ನಿನ್ನ ಹೊಸ ಮನೆಗೆ ಕಂದಸಾಮಿಯ ಗ್ರಾನೈಟು ಹಾಕಲು. ನೆಗಮಂನಲ್ಲಿರುವ ನಮ್ಮಪ್ಪನ ಮನೆಯಲ್ಲಿ ಅರ್ಧ ನನ್ನದು, ಅಕ್ಕತಮ್ಮನಿಗೆ ಪತ್ರ ಯಾಕೆ ಎಂದೂ ನೀನು ಹೇಳಿದ್ದೆ. ಅದನ್ನು ಮಾರಲು ಓಡಾಡುತ್ತಿದ್ದೀಯಂತೆ. ಸಾಕ್ಷಿ ಹೇಳಲು ಬರುವ ಮೊದಲು ಅದರ ವಿಲ್ಲಂಗದ ನಕಲನ್ನೂ ಒಮ್ಮೆ ತೆಗೆಸಿ ನೋಡಿಕೊಂಡು ಬಾ.